ಎಪ್ಪತ್ತರ ಅಳತೆಗೋಲು: ವಿಲಿಯಂ ಹರ್ಬರ್ಟ್ ಶೆಲ್ಡನ್

ಹಳೆಯ ನಾಣ್ಯಗಳಲ್ಲಿ ಆಸಕ್ತಿಯುಳ್ಳವರು ಮುಂಬೈಯಲ್ಲೋ ಬೆಂಗಳೂರಿನಲ್ಲೋ ನಡೆಯುವ ನಾಣ್ಯ ಹರಾಜಿನ ಪಟ್ಟಿಯನ್ನು ತೆರೆದು ನೋಡಿದರೆ, ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಯ ಚಿತ್ರದ ಪಕ್ಕದಲ್ಲಿ ಎಂ.ಎಸ್. 62 ಎಂದೋ ಎಂ.ಎಸ್. 64 ಎಂದೋ ಬರೆದಿರುವುದು ಕಣ್ಣಿಗೆ ಬೀಳುತ್ತದೆ. ಒಂದೇ ವರ್ಷದ, ಒಂದೇ ಟಂಕಸಾಲೆಯ, ಒಂದೇ ತೂಕದ ಎರಡು ರೂಪಾಯಿಗಳು. ಬರಿಗಣ್ಣಿಗೆ ಎರಡೂ ಒಂದೇ. ಆದರೂ ಈ ಎರಡು ಅಂಕಗಳ ಅಂತರಕ್ಕಾಗಿ ಒಂದರ ಬೆಲೆ ಇನ್ನೊಂದರ ಹಲವು ಪಟ್ಟು ಏರುವುದುಂಟು. ದೇವರ ಪೆಟ್ಟಿಗೆಯಲ್ಲಿ ಅಜ್ಜಿ ಕಾಪಾಡಿಕೊಂಡು ಬಂದ ನಾಲ್ಕಾರು ಬೆಳ್ಳಿ ರೂಪಾಯಿಗಳನ್ನು ಲಕ್ಷ್ಮೀಪೂಜೆಯ ದಿನ ಮಾತ್ರ ಹೊರತೆಗೆಯುವ ನಮ್ಮ ಕುಟುಂಬಗಳಿಗೆ ಈ ಲೆಕ್ಕ ವಿಚಿತ್ರವಾಗಿ ಕಾಣುವುದು ಸಹಜ.

ಈ ಅಂಕಗಳ ಗರಿಷ್ಠ ಮಿತಿ ನೂರಲ್ಲ, ಎಪ್ಪತ್ತು. ಪರೀಕ್ಷೆಯ ಅಂಕಗಳಿಗೆ ನೂರನ್ನೂ, ಚಿನ್ನದ ಮಾತಿಗೆ ಇಪ್ಪತ್ತನಾಲ್ಕನ್ನೂ ಒಪ್ಪಿಕೊಂಡಿರುವ ನಮಗೆ ಈ ಎಪ್ಪತ್ತು ಎಲ್ಲಿಂದ ಬಂತೆಂಬ ಪ್ರಶ್ನೆ ಏಳದಿರದು. ಅದಕ್ಕೆ ಉತ್ತರ ದೊರೆಯುವುದು 1977ರಲ್ಲಿ ತೀರಿಕೊಂಡ ಅಮೆರಿಕದ ವಿಲಿಯಂ ಹರ್ಬರ್ಟ್ ಶೆಲ್ಡನ್ ಅವರ ಬಾಳಿನಲ್ಲಿ. ವೃತ್ತಿಯಿಂದ ಅವರು ನಾಣ್ಯ ವ್ಯಾಪಾರಿಯೂ ಅಲ್ಲ, ಇತಿಹಾಸಕಾರರೂ ಅಲ್ಲ. ಮನಶ್ಶಾಸ್ತ್ರಜ್ಞರು, ವೈದ್ಯರು, ಮನುಷ್ಯರ ಮೈಕಟ್ಟಿಗೆ ಅಂಕ ಹಾಕಿ ಪ್ರಸಿದ್ಧರಾದವರು. ನಾಣ್ಯ ಅವರಿಗೆ ಹವ್ಯಾಸ. ಕಾಲದ ಆಟವೆಂದರೆ, ವೃತ್ತಿಯಲ್ಲಿ ಅವರು ಕಟ್ಟಿದ ಸಿದ್ಧಾಂತ ಬಹುಮಟ್ಟಿಗೆ ಬಿದ್ದುಹೋಯಿತು. ಹವ್ಯಾಸದಲ್ಲಿ ಸೃಷ್ಟಿಸಿದ ಅಳತೆಗೋಲು ಜಗತ್ತಿನ ಮಾರುಕಟ್ಟೆಯನ್ನೇ ಆಳುತ್ತಿದೆ.

ಶೆಲ್ಡನ್ ಜನಿಸಿದ್ದು 1898ರ ನವೆಂಬರ್ 19ರಂದು, ಅಮೆರಿಕದ ಅತ್ಯಂತ ಚಿಕ್ಕ ಸಂಸ್ಥಾನವಾದ ರೋಡ್ ಐಲೆಂಡಿನ ವಾರ್ವಿಕ್‌ನಲ್ಲಿ. ತಂದೆ ಪ್ರಕೃತಿಯನ್ನೂ ಪ್ರಾಣಿಗಳನ್ನೂ ಬಲ್ಲವರು. ನೋಡಿ ಗುರುತಿಸುವ, ಹೋಲಿಸಿ ವಿಂಗಡಿಸುವ ಅಭ್ಯಾಸ ಮಗನಿಗೆ ಆ ಮನೆಯಲ್ಲೇ ಅಂಟಿರಬೇಕೆಂದು ನಮ್ಮ ಊಹೆ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪದವಿ, ಕೊಲರಾಡೊದಲ್ಲಿ ಸ್ನಾತಕೋತ್ತರ ಪದವಿ, ಷಿಕಾಗೊದಲ್ಲಿ ಮನಶ್ಶಾಸ್ತ್ರದ ಡಾಕ್ಟರೇಟ್; ಅಷ್ಟಕ್ಕೆ ತೃಪ್ತರಾಗದೆ 1933ರಲ್ಲಿ ಷಿಕಾಗೊದಲ್ಲಿಯೇ ವೈದ್ಯಪದವಿಯನ್ನೂ ಪಡೆದರು. ಬಳಿಕ ಯುರೋಪಿಗೆ ಹೋಗಿ ಯೂಂಗ್ ಅವರಲ್ಲಿ ಅಧ್ಯಯನ ನಡೆಸಿದರು; ಫ್ರಾಯ್ಡ್ ಅವರನ್ನೂ, ಮೈಕಟ್ಟಿಗೂ ಮನೋರೋಗಕ್ಕೂ ನಂಟುಂಟೆಂದು ವಾದಿಸುತ್ತಿದ್ದ ಜರ್ಮನಿಯ ಕ್ರೆಚ್ಮರ್ ಅವರನ್ನೂ ಕಂಡರು. 1938ರಲ್ಲಿ ಹಾರ್ವರ್ಡ್ ಸೇರಿದರು.

ಹಾರ್ವರ್ಡಿನಲ್ಲಿ ಅವರು ಕೈಗೊಂಡ ಕೆಲಸ ಬೃಹತ್ತಾದುದು. ಸುಮಾರು 4,000 ಕಾಲೇಜು ವಿದ್ಯಾರ್ಥಿಗಳ ಛಾಯಾಚಿತ್ರಗಳನ್ನು ಎದುರು, ಪಕ್ಕ, ಹಿಂದು ಎಂಬ ಮೂರು ಕೋನಗಳಿಂದ, ಬಟ್ಟೆಯಿಲ್ಲದ ದೇಹದ ಚಿತ್ರಗಳನ್ನು, ಮುಂದಿಟ್ಟುಕೊಂಡು ಅವರು ಮನುಷ್ಯದೇಹದಲ್ಲಿ ಮೂರು ಅಂಶಗಳನ್ನು ಗುರುತಿಸಿದರು. ದುಂಡನೆಯ ಮೃದುತನ ಒಂದು, ಮೂಳೆ ಮಾಂಸಖಂಡಗಳ ಗಟ್ಟಿತನ ಇನ್ನೊಂದು, ತೆಳ್ಳನೆಯ ಉದ್ದನೆಯ ಸೂಕ್ಷ್ಮತೆ ಮತ್ತೊಂದು. ಎಂಡೋಮಾರ್ಫ್, ಮೆಸೊಮಾರ್ಫ್, ಎಕ್ಟೊಮಾರ್ಫ್ ಎಂಬ ಹೆಸರುಗಳು ಇಂದಿಗೂ ವ್ಯಾಯಾಮಶಾಲೆಗಳಲ್ಲಿ ಕೇಳಿಬರುತ್ತವೆ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಹೀಗೆ ಮೂರು ಅಂಕಿಗಳಲ್ಲಿ ಒಬ್ಬ ಮನುಷ್ಯನ ದೇಹ ಮುಗಿಯಿತು! 1940ರಲ್ಲಿ ಈ ಗ್ರಂಥ ಹೊರಬಂದಿತು. 1942ರ ಎರಡನೆಯ ಗ್ರಂಥದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಮೈಕಟ್ಟು ಹೇಗೋ ಸ್ವಭಾವವೂ ಹಾಗೆಯೇ ಎಂದು ಪ್ರತಿಪಾದಿಸಿದರು.

ವಾತ, ಪಿತ್ತ, ಕಫಗಳ ಮಾತನ್ನು ಮನೆಯ ಹಿರಿಯರಿಂದ ಕೇಳುತ್ತ ಬೆಳೆದ ನಮಗೆ ಇದು ತೀರ ಹೊಸದೆನಿಸದು. ಎರಡಕ್ಕೂ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ಪಂಡಿತರು ನಾಡಿ ಹಿಡಿದು ಹೇಳುತ್ತಿದ್ದುದನ್ನು ಶೆಲ್ಡನ್ ಅಂಕಿಯಲ್ಲಿ ಬರೆದರು, ಅಂಕಿಯಲ್ಲಿ ಬರೆದುದರಿಂದ ಅದು ವಿಜ್ಞಾನವೆನಿಸಿಕೊಂಡಿತು ಎಂಬುದಷ್ಟೇ ಇಲ್ಲಿನ ಮಾತು. ಸಾಹಿತಿ ಆಲ್ಡಸ್ ಹಕ್ಸ್‌ಲಿಯಂಥವರು ಮೆಚ್ಚಿ ಬರೆದರು. ವಿಮರ್ಶಕರು ಮಾತ್ರ ಒಂದು ಮೂಲಭೂತ ದೋಷವನ್ನು ಎತ್ತಿ ತೋರಿಸಿದರು. ದೇಹಕ್ಕೆ ಅಂಕ ಹಾಕಿದವರು ಶೆಲ್ಡನ್. ಅದೇ ವ್ಯಕ್ತಿಯ ಸ್ವಭಾವಕ್ಕೆ ಅಂಕ ಹಾಕಿದವರೂ ಶೆಲ್ಡನ್. ಒಂದು ಕೈ ಬರೆದುದು ಇನ್ನೊಂದು ಕೈಗೆ ತಿಳಿದಿರುವಾಗ ಎರಡೂ ಹೊಂದಿಕೊಳ್ಳದೆ ಇದ್ದೀತೆ? ನಾಣ್ಯಗಳ ಕಥೆಯಲ್ಲಿ ಈ ಮಾತು ಬೇರೊಂದು ರೂಪದಲ್ಲಿ ಮರಳಿ ಬರಲಿದೆ.

ಈಗ ಅವರ ಹವ್ಯಾಸಕ್ಕೆ ಬರೋಣ. ಅಮೆರಿಕದ ಒಕ್ಕೂಟ ಸರಕಾರ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ 1793ರಲ್ಲಿ ತಾಮ್ರದ ಸೆಂಟ್ ನಾಣ್ಯಗಳನ್ನು ಟಂಕಿಸತೊಡಗಿತು. ಇವು ಇಂದಿನ ಪುಟಾಣಿ ಸೆಂಟುಗಳಲ್ಲ. ನಮ್ಮ ಹಿರಿಯರು ಕಂಡಿದ್ದ ಕಾಲಾಣೆಗಿಂತ ಅಗಲದಲ್ಲಿ ತುಸು ದೊಡ್ಡವು, ಮೊದಮೊದಲು ತೂಕದಲ್ಲಿ ಅದರ ಸುಮಾರು ಎರಡರಷ್ಟು. ಮೊದಲ ನಾಣ್ಯದ ಒಂದು ಮುಖದಲ್ಲಿ ಕೆದರಿದ ಕೂದಲಿನ ಸ್ವಾತಂತ್ರ್ಯದೇವಿ, ಇನ್ನೊಂದು ಮುಖದಲ್ಲಿ ಸರಪಣಿ. ಸಂಸ್ಥಾನಗಳ ಒಗ್ಗಟ್ಟಿನ ಸಂಕೇತವಾಗಿ ಹಾಕಿದ ಸರಪಣಿಯನ್ನು ಜನ ಬೇಡಿಯೆಂದು ಬಗೆದು ಟೀಕಿಸಿದ್ದರಿಂದ ಅದೇ ವರ್ಷ ಅದನ್ನು ತೆಗೆದು ಎಲೆಗಳ ಮಾಲೆಯನ್ನು ಹಾಕಿದರು. ಈ ದೊಡ್ಡ ಸೆಂಟುಗಳು 1857ರವರೆಗೆ ನಡೆದವು.

ಆ ಕಾಲದಲ್ಲಿ ಅಚ್ಚುಗಳನ್ನು ಬಹುಪಾಲು ಕೈಯಿಂದಲೇ ಕೆತ್ತಿ ತಿದ್ದುತ್ತಿದ್ದರು. ಆದುದರಿಂದ ಒಂದು ಅಚ್ಚಿನಂತೆ ಇನ್ನೊಂದಿಲ್ಲ. ಒಂದರಲ್ಲಿ ದೇವಿಯ ಕೂದಲಿನ ಎಳೆ ಕೊರಳ ಕಡೆಗೆ ಬಾಗಿದ್ದರೆ ಇನ್ನೊಂದರಲ್ಲಿ ನೇರ. ಒಂದರಲ್ಲಿ ಇಸವಿಯ ಅಂಕಿಗಳು ಒತ್ತೊತ್ತಾಗಿದ್ದರೆ ಇನ್ನೊಂದರಲ್ಲಿ ಬಿಡಿಬಿಡಿ. 1794ರ ಒಂದು ಬಗೆಯ ಸೆಂಟಿನ ಹಿಂಬದಿಯ ಅಂಚಿನ ಸುತ್ತ 94 ಚಿಕ್ಕ ನಕ್ಷತ್ರಗಳಿವೆ. ಇಂಥ ಭೇದಗಳನ್ನು ಹುಡುಕುವುದೇ ತಾಮ್ರದ ನಾಣ್ಯಗಳ ಸಂಗ್ರಾಹಕರ ಪರಮಾನಂದ. ದೇಹಗಳನ್ನು ಬಗೆಬಗೆಯಾಗಿ ವಿಂಗಡಿಸುತ್ತಿದ್ದ ಶೆಲ್ಡನ್ ಅವರ ಕಣ್ಣಿಗೆ ಇದಕ್ಕಿಂತ ಒಗ್ಗುವ ಹವ್ಯಾಸ ಬೇರೊಂದಿರಲಾರದು.

1949ರಲ್ಲಿ ಅವರು 'ಅರ್ಲಿ ಅಮೆರಿಕನ್ ಸೆಂಟ್ಸ್' ಎಂಬ ಗ್ರಂಥವನ್ನು ಪ್ರಕಟಿಸಿದರು. 1793ರಿಂದ 1814ರವರೆಗಿನ ಸೆಂಟುಗಳ ಪ್ರತಿಯೊಂದು ಅಚ್ಚಿನ ಜೋಡಿಗೂ ಒಂದೊಂದು ಸಂಖ್ಯೆ ಕೊಟ್ಟರು. ಈ ಸಂಖ್ಯೆಗಳು 1ರಿಂದ 295ರವರೆಗೆ ಸಾಗುತ್ತವೆ. ಸಂಗ್ರಾಹಕನ ಕೈಗೆಟುಕದಷ್ಟು ವಿರಳವಾದವಕ್ಕೆ ಪ್ರತ್ಯೇಕ ಸಾಲು. ಈ ಕೆಲಸದಲ್ಲಿ ಕೊರತೆ ಹುಡುಕುವುದು ಕಷ್ಟ. ಅದೇ ಗ್ರಂಥದಲ್ಲಿ ಅವರು ಇನ್ನೊಂದು ಸಮಸ್ಯೆಗೂ ಕೈಹಾಕಿದರು: ಒಂದು ನಾಣ್ಯದ ಸ್ಥಿತಿ ಎಷ್ಟು ಚೆನ್ನಾಗಿದೆಯೆಂದು ಹೇಳುವುದು ಹೇಗೆ?

ಅದುವರೆಗೆ ನಾಣ್ಯದ ದರ್ಜೆಯನ್ನು ವಿಶೇಷಣಗಳಲ್ಲಿ ಹೇಳುವ ರೂಢಿಯಿತ್ತು. ಗುಡ್, ಫೈನ್, ವೆರಿ ಫೈನ್, ಅನ್‌ಸರ್ಕ್ಯುಲೇಟೆಡ್ ಮುಂತಾಗಿ. ಮಾರುವವನ ಬಾಯಲ್ಲಿ ಫೈನ್ ಆಗಿದ್ದುದು ಕೊಳ್ಳುವವನ ಕೈಯಲ್ಲಿ ಗುಡ್ ಆಗುವುದು ಎಲ್ಲ ದೇಶದ ಸಂತೆಯಲ್ಲೂ ನಡೆಯುವ ಸಂಗತಿ. ಶೆಲ್ಡನ್ ಇದನ್ನು ಗುಣಾಕಾರದಿಂದ ಬಗೆಹರಿಸಲು ಹೊರಟರು. ಆ ಕಾಲದ ಮಾರಾಟದ ದರಗಳನ್ನು, ಮುಖ್ಯವಾಗಿ 1794ರ ಸೆಂಟುಗಳ ದರಗಳನ್ನು, ಗಮನಿಸಿದಾಗ, ಯಾವ ಬಗೆಯೆಂದು ಗುರುತು ಹತ್ತುವಷ್ಟು ಮಾತ್ರ ಉಳಿದ ಸವಕಲು ನಾಣ್ಯಕ್ಕೆ ಒಂದು ಡಾಲರ್ ಬೆಲೆಯಿದ್ದರೆ, ಕಲೆಯಿಲ್ಲದ ಪರಿಪೂರ್ಣ ನಾಣ್ಯಕ್ಕೆ ಸುಮಾರು ಎಪ್ಪತ್ತು ಡಾಲರ್ ಬೆಲೆಯಿತ್ತು. ಎಪ್ಪತ್ತರ ಮೂಲ ಇದೇ. ಒಂದು ಬಗೆಯ ಮೂಲಬೆಲೆಯನ್ನು ನಾಣ್ಯದ ದರ್ಜೆಯಿಂದ ಗುಣಿಸಿದರೆ ಅದರ ನ್ಯಾಯವಾದ ಬೆಲೆ ಬರಬೇಕು. ಮೂಲಬೆಲೆ ಎರಡು ಡಾಲರ್, ದರ್ಜೆ 12. ಹಾಗಾದರೆ ಬೆಲೆ 24 ಡಾಲರ್. ಮೂಲಬೆಲೆ ಅದೇ, ದರ್ಜೆ 60. ಬೆಲೆ 120 ಡಾಲರ್. ಬಡ್ಡಿಯ ಲೆಕ್ಕಕ್ಕಿಂತಲೂ ಸುಲಭ.

ಅಂದರೆ ಈ ಅಳತೆಗೋಲು ಮೂಲತಃ ಸವೆತವನ್ನು ಅಳೆಯುವ ಕೋಲಲ್ಲ, ಬೆಲೆಯ ಕೋಲು. ಮೆಟ್ಟಿಲುಗಳು ಸಮನಾಗಿಲ್ಲದಿರುವುದಕ್ಕೆ ಇದೇ ಕಾರಣ. ಗುಡ್ ಎಂಬುದಕ್ಕೆ 4, 5, 6. ವೆರಿ ಗುಡ್ ಎಂಬುದಕ್ಕೆ 7, 8, 10. ಫೈನ್‌ಗೆ 12 ಮತ್ತು 15. ವೆರಿ ಫೈನ್‌ಗೆ 20 ಮತ್ತು 30. ಅಲ್ಲಿಂದ 40, 50 ಎಂದು ಹಾರಿ, ಚಲಾವಣೆಯನ್ನೇ ಕಾಣದ ಟಂಕಸಾಲೆಯ ಸ್ಥಿತಿಯ ನಾಣ್ಯಗಳಿಗೆ 60, 65, 70. ಎಂ.ಎಸ್. ಎಂದರೆ ಮಿಂಟ್ ಸ್ಟೇಟ್, ಟಂಕಸಾಲೆಯಿಂದ ಬಂದಂತಿರುವ ಸ್ಥಿತಿ. 30ಕ್ಕೂ 40ಕ್ಕೂ ನಡುವೆ ಹತ್ತು ಅಂಕವಿದೆಯೆಂದಮಾತ್ರಕ್ಕೆ ಅಲ್ಲಿ ಹತ್ತು ಪಾಲು ಸವೆತದ ಅಂತರವಿಲ್ಲ; ಮಾರುಕಟ್ಟೆ ಆ ವರ್ಷ ಅಷ್ಟು ಹೆಚ್ಚು ಹಣ ಕೊಡುತ್ತಿತ್ತು, ಅಷ್ಟೆ.

ಸೂತ್ರ ಸರಳವಾದರೂ ಅದರೊಳಗೆ ಹಾಕಬೇಕಾದ ದರ್ಜೆಯನ್ನು ನಿರ್ಣಯಿಸುವ ಕೆಲಸ ಸರಳವಲ್ಲ. ಈ ಕುರಿತು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ಮೊದಲನೆಯದಾಗಿ, ಸವೆತಕ್ಕೂ ದುರ್ಬಲವಾದ ಟಂಕನಕ್ಕೂ ಭೇದ ತಿಳಿಯಬೇಕು. ಅಚ್ಚು ಸರಿಯಾಗಿ ಒತ್ತದಿದ್ದರೆ ಅಥವಾ ಸಾವಿರಾರು ನಾಣ್ಯಗಳನ್ನು ಹೊಡೆದು ಅಚ್ಚೇ ಸವೆದಿದ್ದರೆ, ದೇವಿಯ ಕೂದಲು ಹುಟ್ಟಿದಂದಿನಿಂದಲೇ ನುಣ್ಣಗಿರುತ್ತದೆ. ಕೈಯಿಂದ ಕೈಗೆ ತಿರುಗಿ ಸವೆದ ನಾಣ್ಯವೂ ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತದೆ. ಇವೆರಡನ್ನು ಬೇರ್ಪಡಿಸುವುದು ಹೊಳಪು. ಹೊಸ ನಾಣ್ಯವನ್ನು ಒಂದೇ ದೀಪದ ಕೆಳಗೆ ಹಿಡಿದು ಮೆಲ್ಲನೆ ಓಲಾಡಿಸಿದರೆ, ಟಂಕನದ ಒತ್ತಡದಲ್ಲಿ ಲೋಹ ಹರಿದ ಸೂಕ್ಷ್ಮ ಗೆರೆಗಳ ಮೇಲೆ ಬೆಳಕು ಸುತ್ತುತ್ತ ಹೋಗುತ್ತದೆ. ಉಬ್ಬಿದ ಭಾಗಗಳ ತುದಿಯಲ್ಲಿ ಈ ಬೆಳಕು ಕಡಿದುಹೋದರೆ ಅಲ್ಲಿ ಬೆರಳೋ ಬಟ್ಟೆಯೋ ತಾಗಿದೆಯೆಂದು ಅರ್ಥ. ದೀಪ ಬದಲಾದರೆ ತೀರ್ಪು ಬದಲಾದೀತು. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಇದನ್ನು ಕಾಣುವುದೇ ಕಷ್ಟ.

ಎರಡನೆಯದು ಬಣ್ಣ. ಟಂಕಸಾಲೆಯಿಂದ ಹೊರಬಿದ್ದ ತಾಮ್ರ ಕೆಂಪಗಿರುತ್ತದೆ. ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಒಳ್ಳೆಯ ಕಂದುಬಣ್ಣ ದೋಷವಲ್ಲ, ಲೋಹಕ್ಕೆ ಅದೇ ರಕ್ಷೆ. ಅದನ್ನು ಕೊಳೆಯೆಂದು ತಿಳಿದು ತಿಕ್ಕಿದರೆ ನಾಣ್ಯ ಕೆಟ್ಟಂತೆಯೇ. ನಮ್ಮ ಮನೆಗಳಲ್ಲಿ ತಾಮ್ರದ ಚೊಂಬಿನೊಂದಿಗೆ ಹಳೆಯ ಕಾಸುಗಳನ್ನೂ ಹುಣಸೆಹುಳಿ ಹಚ್ಚಿ ಫಳಫಳನೆ ಬೆಳಗುವ ಪದ್ಧತಿಯಿದೆ. ಪೂಜೆಗೆ ಅದು ಸರಿ. ಆದರೆ ಸಂಗ್ರಾಹಕನ ಲೆಕ್ಕದಲ್ಲಿ ಆ ಕಾಸು ಅರ್ಧಕ್ಕಿಂತ ಹೆಚ್ಚು ಬೆಲೆಯನ್ನು ತೊಳೆದ ನೀರಿನೊಂದಿಗೆ ಹರಿಯಬಿಟ್ಟಿರುತ್ತದೆ. ಇದನ್ನರಿತ ಕೆಲವು ವ್ಯಾಪಾರಿಗಳು ತೊಳೆದ ತಾಮ್ರಕ್ಕೆ ಗಂಧಕದ ಸಹಾಯದಿಂದ ಮತ್ತೆ ಕಂದುಬಣ್ಣ ಬರಿಸುವುದೂ ಉಂಟು. ಅದನ್ನು ಹಿಡಿಯಲು ಮತ್ತಷ್ಟು ಅನುಭವ ಬೇಕು.

ಮೂರನೆಯದು ಗಾಯಗಳು. ಕಾಲ ಬಹಳ ದಯೆಯಿಂದ ನೋಡಿಕೊಂಡ, ಕೂದಲಿನ ಎಳೆ ಎಳೆಯೂ ಉಳಿದ ಒಂದು ಸೆಂಟು, ಆದರೆ ನೆಲದಲ್ಲಿ ಹೂತಿದ್ದರಿಂದ ಮೈತುಂಬ ಸಣ್ಣ ಕುಳಿಗಳು. ಸವೆತವನ್ನು ಮಾತ್ರ ನೋಡಿದರೆ ಅದಕ್ಕೆ 30 ಕೊಡಬೇಕು. ಕುಳಿಗಳಿಗಾಗಿ ಎಷ್ಟು ಕಳೆಯಬೇಕು? 10 ಕಳೆಯಬೇಕೇ, 18 ಕಳೆಯಬೇಕೇ? ಗೀರು ಕೂದಲಿನ ಮಧ್ಯೆ ಅಡಗಿದ್ದರೆ ಕ್ಷಮಿಸಬಹುದು, ಕೆನ್ನೆಯ ಮೇಲಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಅದೇ ಉದ್ದ, ಅದೇ ಆಳ. ದಂಡ ಮಾತ್ರ ಬೇರೆ. ಇಲ್ಲಿ ಸೂತ್ರವಿಲ್ಲ. ನೋಡುವವನ ರುಚಿಯಿದೆ, ನೆನಪಿದೆ, ಆ ದಿನದ ಮನಸ್ಥಿತಿಯೂ ಇದೆ. ಒಬ್ಬರೇ ಪರೀಕ್ಷಕರು ಒಂದೇ ನಾಣ್ಯಕ್ಕೆ ಬೆಳಿಗ್ಗೆ ಒಂದು ಅಂಕ, ಕೆಲವು ತಿಂಗಳ ಮೇಲೆ ಇನ್ನೊಂದು ಅಂಕ ಕೊಟ್ಟರೆ ಅಚ್ಚರಿಪಡಬೇಕಿಲ್ಲ.

ಬ್ಯಾಂಕಿನ ಕೌಂಟರಿನ ಹಿಂದೆ ವರ್ಷಗಟ್ಟಲೆ ಕುಳಿತ ನಮ್ಮಂಥವರು ನೋಟುಗಳನ್ನು ವಿಂಗಡಿಸುತ್ತೇವೆ. ಮತ್ತೆ ಚಲಾವಣೆಗೆ ಬಿಡಬಹುದಾದವು ಒಂದು ಕಟ್ಟು, ಮಾಸಿದವು ಇನ್ನೊಂದು ಕಟ್ಟು. ಎರಡೇ ದರ್ಜೆ! ಅದರಲ್ಲೂ ಪಕ್ಕದ ಸಹೋದ್ಯೋಗಿ ಮಾಸಿದ್ದೆಂದು ಎಸೆದುದನ್ನು ನಾವು ನಡೆಯುತ್ತದೆಂದು ಎತ್ತಿಕೊಳ್ಳುವುದುಂಟು. ಎರಡು ದರ್ಜೆಗಳಲ್ಲೇ ಈ ಪಾಡಾದರೆ ಎಪ್ಪತ್ತರಲ್ಲಿ ಹೇಗಿರಬೇಡ! ನಮ್ಮ ಹಿಂದಿನ ಚಿನಿವಾರರ ದಾರಿಯೇ ಬೇರೆಯಿತ್ತು. ಅವರು ನಾಣ್ಯವನ್ನು ಚಿಮ್ಮಿ ನಾದ ಕೇಳುತ್ತಿದ್ದರು, ತೂಗುತ್ತಿದ್ದರು, ಒರೆಗಲ್ಲಿಗೆ ಹಚ್ಚುತ್ತಿದ್ದರು. ಅವರಿಗೆ ಬೇಕಿದ್ದುದು ಲೋಹದ ಸತ್ಯ. ಅದಕ್ಕೆ ತಕ್ಕಡಿ ಸಾಕ್ಷಿ ಹೇಳುತ್ತಿತ್ತು. ಸಂಗ್ರಾಹಕನ ದರ್ಜೆಗೆ ಸಾಕ್ಷಿ ಹೇಳುವ ತಕ್ಕಡಿ ಇಲ್ಲ.

1958ರಲ್ಲಿ ಡೊರೊಥಿ ಪ್ಯಾಸ್ಕಲ್ ಹಾಗೂ ವಾಲ್ಟರ್ ಬ್ರೀನ್ ಅವರ ನೆರವಿನಿಂದ ಶೆಲ್ಡನ್ ತಮ್ಮ ಗ್ರಂಥವನ್ನು ಪರಿಷ್ಕರಿಸಿ 'ಪೆನ್ನಿ ವಿಮ್ಸಿ' ಎಂಬ ಹೆಸರಿನಲ್ಲಿ ಹೊರತಂದರು. ಅಷ್ಟರಲ್ಲೇ ಮಾರುಕಟ್ಟೆ ಸೂತ್ರವನ್ನು ಮೀರಿ ನಡೆಯತೊಡಗಿತ್ತು. ಶ್ರೇಷ್ಠ ಸ್ಥಿತಿಯ ನಾಣ್ಯಗಳ ಬೆಲೆ ಉಳಿದವುಗಳಿಗಿಂತ ಬಹುವೇಗವಾಗಿ ಏರಿತು. ಎಪ್ಪತ್ತು ಪಟ್ಟು ಎಂಬ ಅನುಪಾತ ಹಳೆಯ ಮಾತಾಯಿತು. ಗುಣಾಕಾರ ಸತ್ತಿತು, ಅಂಕಿಗಳು ಉಳಿದವು. ಅಮೆರಿಕದ ನಾಣ್ಯಶಾಸ್ತ್ರ ಸಂಘವು 1970ರ ದಶಕದಲ್ಲಿ ಈ ಅಂಕಿಗಳನ್ನು ತಾಮ್ರಕ್ಕಷ್ಟೇ ಅಲ್ಲದೆ ಬೆಳ್ಳಿ, ಚಿನ್ನಗಳ ಎಲ್ಲ ನಾಣ್ಯಗಳಿಗೂ ಅನ್ವಯಿಸಿ, 1977ರಲ್ಲಿ ದರ್ಜೆಗಳ ಅಧಿಕೃತ ಕೈಪಿಡಿಯನ್ನು ಪ್ರಕಟಿಸಿತು. ಶೆಲ್ಡನ್ ತೀರಿಕೊಂಡದ್ದೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ.

ಆಮೇಲಿನ ಬೆಳವಣಿಗೆಯನ್ನು ಅವರು ಕಾಣಲಿಲ್ಲ. ನಾಣ್ಯ ಹೂಡಿಕೆಯ ವಸ್ತುವಾದಾಗ, 63 ಎಂದು ಕೊಂಡುದನ್ನು 65 ಎಂದು ಮಾರುವವರೂ ಹುಟ್ಟಿಕೊಂಡರು. ಇದಕ್ಕೆ ಪರಿಹಾರವೆಂಬಂತೆ 1986ರಲ್ಲಿ ಪಿ.ಸಿ.ಜಿ.ಎಸ್., ಮರುವರ್ಷ ಎನ್.ಜಿ.ಸಿ. ಎಂಬ ಸಂಸ್ಥೆಗಳು ಕೆಲಸ ಆರಂಭಿಸಿದವು. ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯವರು ನಾಣ್ಯವನ್ನು ನೋಡಿ, ಒಬ್ಬರಿಗಿಂತ ಹೆಚ್ಚು ಪರೀಕ್ಷಕರ ಅಭಿಪ್ರಾಯ ಪಡೆದು, ಅಂಕ ಬರೆದು ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆಯೊತ್ತಿ ಕೊಡುವ ವ್ಯವಸ್ಥೆಯಿದು. ಶೆಲ್ಡನ್ ಮೂರೇ ಮೆಟ್ಟಿಲು ಇಟ್ಟಿದ್ದ ಜಾಗದಲ್ಲಿ 60ರಿಂದ 70ರವರೆಗೆ ಹನ್ನೊಂದು ಮೆಟ್ಟಿಲುಗಳಾದವು. ಮೋಸ ಬಹುಮಟ್ಟಿಗೆ ತಗ್ಗಿತೆಂಬುದು ನಿಜ. ಆದರೆ ಕವಚವನ್ನು ಒಡೆದು, ಅದೇ ನಾಣ್ಯವನ್ನು ಮತ್ತೆ ಮತ್ತೆ ಕಳುಹಿಸಿ, ಒಂದು ಅಂಕ ಹೆಚ್ಚು ಬರುವವರೆಗೆ ಕಾಯುವ ಜಾಣರೂ ಇದ್ದಾರೆ. ಅಳತೆ ನಿಜವಾಗಿಯೂ ಅಳತೆಯೇ ಆಗಿದ್ದರೆ ಈ ಜಾಣತನಕ್ಕೆ ಎಡೆಯೆಲ್ಲಿತ್ತು?

ನಮ್ಮ ನಾಡಿನ ನಾಣ್ಯಗಳೂ ಈಗ ಈ ಕವಚಗಳಲ್ಲಿ ಬರುತ್ತಿವೆ. ಯಂತ್ರದಲ್ಲಿ ಟಂಕಿಸಿದ ಬ್ರಿಟಿಷ್ ಕಾಲದ ರೂಪಾಯಿಗಳಿಗೆ ಈ ಅಳತೆ ಹೇಗೋ ಹೊಂದಿಕೊಳ್ಳುತ್ತದೆ. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಹೊರಬಂದ ಟಿಪ್ಪುವಿನ ಆನೆಯ ತಾಮ್ರದ ಪೈಸೆಯನ್ನು ಇದೇ ಕೋಲಿನಿಂದ ಅಳೆದರೆ? ಅದು ಸುತ್ತಿಗೆಯ ಏಟಿನಿಂದ ಕೈಯಲ್ಲಿ ಹೊಡೆದ ನಾಣ್ಯ. ಏಟು ಒಂದು ಬದಿಗೆ ಬಿದ್ದರೆ ಆನೆಯ ಸೊಂಡಿಲೋ ಬಾಲವೋ ಹುಟ್ಟುವಾಗಲೇ ಹೊರಗುಳಿಯುತ್ತದೆ. ಒಂದು ದಿನವೂ ಚಲಾವಣೆಯಾಗದ ಪೈಸೆ ಅರೆಬರೆಯಾಗಿ ಕಾಣಬಹುದು. ಬಹಳ ತಿರುಗಿದ ಪೈಸೆಯಲ್ಲಿ ಆನೆ ಅಂಬಾರಿಗೆ ಸಿದ್ಧವಾದಂತೆ ಪೂರ್ತಿಯಾಗಿ ನಿಂತಿರಬಹುದು. ನಮ್ಮ ಸಂಗ್ರಾಹಕರು ಎರಡನೆಯದನ್ನೇ ಮೆಚ್ಚುತ್ತಾರೆ, ಅಂಕ ಏನೇ ಹೇಳಲಿ. ನಮಗೆ ಅದೇ ಸರಿಯೆನಿಸುತ್ತದೆ.

ಶೆಲ್ಡನ್ ಅವರ ಇನ್ನೊಂದು ಅಳತೆಗೋಲಿನ ಗತಿಯನ್ನೂ ಹೇಳಬೇಕು. 1947ರಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ದೇಹರಚನೆಯ ಪ್ರಯೋಗಾಲಯ ನಡೆಸಿದರು. ಬಾಸ್ಟನ್ನಿನ 200 ಹುಡುಗರ ಮೈಕಟ್ಟಿಗೂ ಅಪರಾಧ ಪ್ರವೃತ್ತಿಗೂ ನಂಟು ಕಟ್ಟಿದ ಅವರ ಗ್ರಂಥ 1949ರಲ್ಲಿಯೇ ಬಂದು ಸಮಾಜಶಾಸ್ತ್ರಜ್ಞರ ಕಟುಟೀಕೆಗೆ ಗುರಿಯಾಯಿತು. ಒಂದು ಜನಾಂಗ ಮೇಲು, ಇನ್ನೊಂದು ಕೀಳು ಎಂಬ ಅವರ ಮಾತುಗಳು ಇಂದು ಓದುವವರಿಗೆ ಅಸಹ್ಯ ಹುಟ್ಟಿಸುತ್ತವೆ. 1950ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರ ಚಿತ್ರ ತೆಗೆಯಲು ಹೋದಾಗ ಒಬ್ಬ ಹುಡುಗಿ ತಂದೆತಾಯಿಗೆ ತಿಳಿಸಿದಳು. ಗದ್ದಲವೆದ್ದು ಚಿತ್ರಗಳನ್ನು ಸುಟ್ಟುಹಾಕಲಾಯಿತು. ಜತೆಗೆ ದುಡಿದಿದ್ದ ಬಾರ್ಬರಾ ಹೀತ್ ಅವರೇ ಮುಂದೆ ಅವರ ವಿಧಾನದಲ್ಲಿ ದೋಷ ಕಂಡು ದೂರ ಸರಿದರು; 1967ರಲ್ಲಿ ಲಿಂಡ್ಸೆ ಕಾರ್ಟರ್ ಅವರೊಡನೆ ಬೇರೆ ಪದ್ಧತಿಯನ್ನು ರೂಪಿಸಿದರು. ಇಂದು ಕ್ರೀಡಾವಿಜ್ಞಾನದಲ್ಲಿ ಬಳಕೆಯಾಗುವುದು ಇದೇ. 1995ರಲ್ಲಿ ಪತ್ರಿಕೆಯೊಂದರ ಲೇಖನದಿಂದ ಅಮೆರಿಕದ ಹೆಸರಾಂತ ಕಾಲೇಜುಗಳ ಆ ನಗ್ನ ಚಿತ್ರಗಳ ಸಂಗತಿ ಮತ್ತೆ ಬೆಳಕಿಗೆ ಬಂದಾಗ, ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಚಿತ್ರಗಳನ್ನು ನಾಶಪಡಿಸಿದರು.

ಇನ್ನು ಉಳಿದಿರುವುದು ನಾಣ್ಯಲೋಕವನ್ನೇ ಬೆಚ್ಚಿಬೀಳಿಸಿದ ಪ್ರಕರಣ. ಪಿಟ್ಸ್‌ಬರ್ಗಿನ ಅಲ್ಯುಮಿನಿಯಂ ಉದ್ಯಮಿ ಜಾರ್ಜ್ ಕ್ಲಾಪ್ ಅವರು ಜೀವಮಾನವಿಡೀ ಕೂಡಿಸಿದ್ದ ದೊಡ್ಡ ಸೆಂಟುಗಳನ್ನು 1940ರ ದಶಕದಲ್ಲಿ ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಗೆ ದಾನವಾಗಿ ಕೊಟ್ಟಿದ್ದರು. ಗ್ರಂಥ ರಚನೆಯಲ್ಲಿ ತೊಡಗಿದ್ದ ಶೆಲ್ಡನ್ ಅವರಿಗೆ ಆ ಸಂಗ್ರಹದ ಬಾಗಿಲು ಸದಾ ತೆರೆದಿತ್ತು. ಅವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ತಮ್ಮ ಬಳಿಯಿದ್ದ ಅದೇ ವರ್ಷದ, ಅದೇ ಅಚ್ಚಿನ, ಆದರೆ ಕೆಳದರ್ಜೆಯ ನಾಣ್ಯವನ್ನು ಅಲ್ಲಿಟ್ಟು, ಕ್ಲಾಪ್ ಅವರ ಉತ್ತಮ ನಾಣ್ಯವನ್ನು ತೆಗೆದುಕೊಳ್ಳುತ್ತಿದ್ದರು. ಪೆಟ್ಟಿಗೆಯಲ್ಲಿ ಜಾಗ ಖಾಲಿಯಿಲ್ಲ. ಪಟ್ಟಿಯಲ್ಲಿ ಸಂಖ್ಯೆ ತಪ್ಪಿಲ್ಲ. ತಿಜೋರಿಯ ಪರಿಶೀಲನೆ ಮಾಡಿದ ಅನುಭವವುಳ್ಳ ನಮಗೆ ಇದರ ಚತುರತೆ ಚೆನ್ನಾಗಿ ಅರ್ಥವಾಗುತ್ತದೆ: ಎಣಿಕೆ ಸರಿಹೋದ ಮೇಲೆ ಯಾರೂ ಮತ್ತೆ ಬಿಚ್ಚಿ ನೋಡುವುದಿಲ್ಲ. ವ್ಯತ್ಯಾಸವಿದ್ದುದು ದರ್ಜೆಯಲ್ಲಿ ಮಾತ್ರ. ಆ ದರ್ಜೆಯನ್ನು ಅಧಿಕಾರವಾಣಿಯಿಂದ ಹೇಳಬಲ್ಲವರು ಯಾರೆಂದು ಕೇಳಿದರೆ, ಆಗ ಎಲ್ಲರೂ ಬೆರಳು ತೋರಿಸುತ್ತಿದ್ದುದು ಶೆಲ್ಡನ್ ಅವರತ್ತಲೇ. ಮೈಕಟ್ಟಿಗೂ ಸ್ವಭಾವಕ್ಕೂ ಒಂದೇ ಕೈ ಅಂಕ ಹಾಕಿದಂತೆ, ಇಲ್ಲಿ ಸಂಗ್ರಾಹಕರೂ ಪರೀಕ್ಷಕರೂ ಒಬ್ಬರೇ ಆಗಿದ್ದರು.

1972ರಲ್ಲಿ ಶೆಲ್ಡನ್ ತಮ್ಮ ಸಂಗ್ರಹವನ್ನು ಕ್ಯಾಲಿಫೋರ್ನಿಯಾದ ಸಂಗ್ರಾಹಕ ನಾಫ್ಟ್ಸ್‌ಗರ್ ಅವರಿಗೆ ಸುಮಾರು 3 ಲಕ್ಷ ಡಾಲರಿಗೆ ಮಾರಿದರು. ಕೊಂಡವರಿಗೆ ಇದರ ಹಿನ್ನೆಲೆ ತಿಳಿದಿರಲಿಲ್ಲ. ಪ್ರತಿ ನಾಣ್ಯವೂ ಯಾರಿಂದ ಯಾರ ಕೈಗೆ ಬಂತೆಂಬ ವಂಶಾವಳಿಯನ್ನು ತಾಳ್ಮೆಯಿಂದ ಹುಡುಕುವ ಪರಿಣತರಿಗೆ ಕ್ರಮೇಣ ಅನುಮಾನ ಮೂಡಿತು. 1990ರ ದಶಕದ ಆರಂಭದಲ್ಲಿ ಸೊಸೈಟಿಯು ಕ್ಲಾಪ್ ಸಂಗ್ರಹದ ಹಳೆಯ ಛಾಯಾಚಿತ್ರಗಳನ್ನು ಹೋಲಿಸಿ ನೋಡಿತು. ನಾಣ್ಯದ ಅಂಕ ಬದಲಾಗಬಹುದು. ಆದರೆ ಅದರ ಮೇಲಿನ ಗೀರು, ಚುಕ್ಕೆ, ಕುಳಿಗಳು ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಅದಕ್ಕೊಂದಕ್ಕೇ ಸೇರಿದವು. ಹೀಗೆ ಅದಲುಬದಲಾದ 129 ನಾಣ್ಯಗಳನ್ನು ಸೊಸೈಟಿ ಗುರುತಿಸಿತು.

ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಕಳವು ನಡೆದು ದಶಕಗಳು ಕಳೆದಿರುವುದರಿಂದ ದಾವೆಯ ಅವಧಿ ಮುಗಿದಿದೆಯೆಂಬುದು ನಾಫ್ಟ್ಸ್‌ಗರ್ ಅವರ ವಾದ. ಕೆಳಗಿನ ನ್ಯಾಯಾಲಯ ಅದನ್ನು ಒಪ್ಪಿತು. ಆದರೆ 1996ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯವು, ತನ್ನ ವಸ್ತು ಯಾರ ಬಳಿಯಿದೆಯೆಂದು ಒಡೆಯನಿಗೆ ತಿಳಿದ ದಿನದಿಂದ ಅವಧಿಯನ್ನು ಎಣಿಸಬೇಕೆಂದು ತೀರ್ಪಿತ್ತು ಪ್ರಕರಣವನ್ನು ಹಿಂದಕ್ಕೆ ಕಳುಹಿಸಿತು. ಮುಂದಿನ ವಿಚಾರಣೆಯಲ್ಲಿ ಸೊಸೈಟಿಯ ಪರವಾಗಿ ತೀರ್ಮಾನವಾಯಿತು. ಕಳವಿನ ಮಾಲೆಂದು ತಿಳಿಯದೆ ಹಣ ತೆತ್ತ ಸಂಗ್ರಾಹಕರ ಬಗ್ಗೆ ನಮಗೆ ಮರುಕವಿದೆ. ಶೆಲ್ಡನ್ ಅಷ್ಟರಲ್ಲಿ ತೀರಿಕೊಂಡು ಎರಡು ದಶಕಗಳಾಗುತ್ತ ಬಂದಿದ್ದವು. ಅವರನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸುವ ಅವಕಾಶ ಯಾರಿಗೂ ದೊರೆಯಲಿಲ್ಲ.

ಅಮೆರಿಕದ ಹಳೆಯ ತಾಮ್ರನಾಣ್ಯಗಳ ಪ್ರೇಮಿಗಳು 1967ರಲ್ಲಿ ಕಟ್ಟಿಕೊಂಡ ಸಂಘ ಈಗಲೂ ಇದೆ. ಅದರ ಸದಸ್ಯರು ಕವಚದ ಮೇಲಿನ ಅಂಕವನ್ನು ಹಾಗೆಯೇ ನಂಬುವವರಲ್ಲ. ಮೊದಲು ಸವೆತಕ್ಕೆ ಒಂದು ಅಂಕ, ಬಳಿಕ ಪ್ರತಿಯೊಂದು ಗಾಯಕ್ಕೂ ಇಷ್ಟಿಷ್ಟೆಂದು ಕಳೆದು ಉಳಿದ ಅಂಕ; ಹೀಗೆ ಅವರು ಹಾಕುವ ದರ್ಜೆ ವಾಣಿಜ್ಯ ಸಂಸ್ಥೆಗಳ ದರ್ಜೆಗಿಂತ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ನಾಣ್ಯದ ಲಕೋಟೆಯ ಮೇಲೆ ಇಸವಿ ಬರೆದು, ಅದರ ಮುಂದೆ ಶೆಲ್ಡನ್ ಅವರ ಹೆಸರಿನ ಮೊದಲ ಅಕ್ಷರವಾದ ಎಸ್ ಬರೆದು, 1ರಿಂದ 295ರೊಳಗಿನ ಸಂಖ್ಯೆಯನ್ನು ಹಾಕಿ, ಕೊನೆಯಲ್ಲಿ ದರ್ಜೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ.